ಅಕ್ಕನ ತೊಟ್ಟಿ ಸಂಸಾರ

ನಮ್ಮ ಹಾಸ್ಟೆಲ್ಲಿನ ನೆಲಮಾಳಿಗೆಯಲ್ಲಿ ಅಕ್ಕ ಒಂದು ದೊಡ್ಡ ಸಂಸಾರ ಸಾಕಿದ್ದಳು. ಮನೆಮಂದಿ ಎಷ್ಟು ಜನ ಎಂದು ಯಾರಾದರೂ ಕೇಳಿದರೆ ಒಂದು ಚಮಚ ಕಂದು ನೀರು ಎತ್ತಿ ಹಿಡಿದು, “ಇಷ್ಟರಲ್ಲೇ ಒಂದು ದೇಶದ ಜನ ಇದ್ದಾರೆ, ಉಳಿದದ್ದು ನೀವೇ ಲೆಕ್ಕ ಹಾಕ್ಕೊಳ್ಳಿ” ಎನ್ನುತ್ತಿದ್ದಳು.

ಮೇಲಿನ ಮಹಡಿಗಳ ಹುಡುಗಿಯರು ಸ್ನಾನ ಮಾಡಿ, ಬಟ್ಟೆ ಒಗೆದು, ಹೇಳಬಾರದ್ದನ್ನೂ ಮಾಡಿ ಕೆಳಗೆ ಬಿಟ್ಟದ್ದೆಲ್ಲ ಆ ಸಂಸಾರದ ಊಟ. ಕೂದಲು, ಕಸ, ಯಾರದೋ ಒಂಟಿ ಕಿವಿಯೋಲೆ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತಿದ್ದವು. ಉಳಿದ ನೀರು ಹೋಗಿ ದೊಡ್ಡ ತೊಟ್ಟಿಗೆ ಬೀಳುತ್ತಿತ್ತು. ಬ್ಲೋವರ್ ಎಂಬ ಯಂತ್ರ ಅದರ ತಳದಿಂದ ಹಗಲೂ ರಾತ್ರಿ ಗಾಳಿ ಊದುತ್ತಿತ್ತು. ಕಣ್ಣಿಗೆ ಕಾಣದ ಆ ಜೀವಿಗಳು ಗಾಳಿ ಕುಡಿದು, ಹೊಲಸು ತಿಂದು, ಮೈ ತುಂಬಿಕೊಂಡು, ಪಕ್ಕದ ತೊಟ್ಟಿಯ ತಳಕ್ಕೆ ಹೋಗಿ ಕೆಸರಾಗಿ ಕೂರುತ್ತಿದ್ದವು. ಮೇಲುಳಿದ ತಿಳಿನೀರು ಮರಳು, ಇದ್ದಿಲು ತುಂಬಿದ ಡ್ರಮ್ಮುಗಳಲ್ಲಿ ಸೋಸಿಕೊಂಡು ಚಾವಣಿ ಹತ್ತಿ, ಅದೇ ಹುಡುಗಿಯರ ಫ್ಲಶ್ಶಿಗೂ ಅಂಗಳದ ಹುಲ್ಲಿಗೂ ಇಳಿಯುತ್ತಿತ್ತು. ನಿರ್ಮಲದೊಳಗೂ ಮಲ ಇದೆ, ಕಮಲದೊಳಗೂ ಇದೆ. ಬಿಡಿಸಿ ನೋಡುವ ಧೈರ್ಯ ಬೇಕು ಅಷ್ಟೆ. ಆ ಧೈರ್ಯ ನಮ್ಮ ಮನೆಯಲ್ಲಿ ಇದ್ದದ್ದು ಅಕ್ಕನೊಬ್ಬಳಿಗೆ.

ಅವಳು ಎಂಜಿನಿಯರಿಂಗ್ ಓದಿ, ಔಷಧಿ ಕಾರ್ಖಾನೆಯ ಗಾಜಿನ ಕೋಣೆಯಲ್ಲಿ ಬಿಳಿ ಕೋಟು ಹಾಕಿಕೊಂಡು ಕೂತಿದ್ದವಳು. ಅದನ್ನು ಬಿಟ್ಟು ಈ ನೆಲಮಾಳಿಗೆಗೆ ಇಳಿದಾಗ ಅಮ್ಮ ಮೂರು ಹೊತ್ತು ಮಾತು ಬಿಟ್ಟಿದ್ದಳು. ಆಮೇಲೆ ನೆಂಟರು ಫೋನಿನಲ್ಲಿ ವಿಚಾರಿಸಿದರೆ, “ದೊಡ್ಡವಳಾ? ನೀರಿನ ಕಡೆ ಇದ್ದಾಳೆ” ಎಂದು ಹೇಳಿ, ಯಾವ ನೀರು ಎಂದು ಅವರು ಕೇಳುವಷ್ಟರಲ್ಲಿ ಹವಾಮಾನಕ್ಕೆ ಹಾರುತ್ತಿದ್ದಳು. ನಾನು ಅದೇ ಹಾಸ್ಟೆಲ್ಲಿನ ಎರಡನೇ ಮಹಡಿಯಲ್ಲಿದ್ದೆ. ಹೀಗಾಗಿ ಅಕ್ಕನಿಗೆ ತಂಗಿಯೂ ಹೌದು, ಕಚ್ಚಾಮಾಲು ಒದಗಿಸುವವಳೂ ಹೌದು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಹೆದರಿಕೆಯೆಲ್ಲ ದೊಡ್ಡ ರಜೆಯದು.

ರಜೆ ಎಂದರೆ ನಮಗೆ ಮಜಾ, ಆ ಜೀವಿಗಳಿಗೆ ಸಜಾ. ಹಾಸ್ಟೆಲ್ಲಿನಲ್ಲಿ ವಾಸ ನಿಂತರೆ ತೊಟ್ಟಿಯಲ್ಲಿ ಉಪವಾಸ, ಉಪವಾಸ ಮುಗಿದ ಮೇಲೆ ವಾಸನೆ. ಅಕ್ಕ ಬರುವುದಕ್ಕೆ ಮುಂಚಿನ ವರ್ಷ ಹಾಗೇ ಆಗಿತ್ತಂತೆ. ತಿನ್ನಲು ಏನೂ ಇಲ್ಲದೆ ಅಷ್ಟೂ ಸತ್ತು, ರಜೆ ಮುಗಿದು ಇಡೀ ಹಾಸ್ಟೆಲ್ ಒಂದೇ ದಿನ ಬಂದಿಳಿದಾಗ ತಿನ್ನುವವರೇ ಇಲ್ಲದೆ, ಹೋದದ್ದೆಲ್ಲ ಹೋದಂತೆಯೇ ಫ್ಲಶ್ಶಿನಲ್ಲಿ ವಾಪಸ್ಸು ಬಂದಿತ್ತು. ಮೂಗು ಮುಚ್ಚಿಕೊಂಡು ಹೋದ ಕೆಲವು ಅಪ್ಪಂದಿರು ಮಗಳ ಟ್ರಂಕನ್ನೂ ಎತ್ತಿಕೊಂಡೇ ಹೋದರು.

ಆದ್ದರಿಂದಲೇ ವಾರ್ಡನ್ ಮೇಡಂ ಅಕ್ಕನನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಗೆರೆ ಎಳೆದಿದ್ದರು. “ನೋಡಮ್ಮಾ, ಈ ಸಲ ರಜೆ ಮುಗಿದು ಹುಡುಗಿಯರು ಬಂದ ದಿನ ಫ್ಲಶ್ ಮಾಡ್ತೀನಿ. ವಾಸನೆ ಬಂತೋ, ತೊಟ್ಟಿಗೆ ಬೀಗ. ನಿನಗೂ ನಮಸ್ಕಾರ. ಎಲ್ಲಾ ಹಿಂದಿನ ಮೋರಿಗೆ ಬಿಡ್ತೀನಿ.”

ಮೇಡಂ ಮಾತಾಡುವ ಕ್ರಮವೇ ಬೇರೆ. ಮೊದಲು ಕನ್ನಡಕ ತೆಗೆಯುತ್ತಾರೆ. ಆಮೇಲೆ ಗಂಟಲೊಳಗೆ ಒಂದು ಕುರ್ಚಿ ಎಳೆದ ಹಾಗೆ ಕೆಮ್ಮುತ್ತಾರೆ. ಆಮೇಲೆ ಮಾತು ಮೂಗಿನ ದಾರಿಯಲ್ಲಿ, ಒಂದೊಂದೇ ಪದ ಸಾಲಾಗಿ ಬರುತ್ತದೆ. ಅದನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆ ಎಂದರೆ, ಒಮ್ಮೆ ಕಾರಿಡಾರಿನಲ್ಲಿ ಕೆಮ್ಮಿದ್ದಕ್ಕೆ ಪಕ್ಕದ ಕೋಣೆಯವಳು ಹೀಟರನ್ನು ಹಾಸಿಗೆಯ ಕೆಳಗೆ ತಳ್ಳಿಬಿಟ್ಟಿದ್ದಳು.

ಪರೀಕ್ಷೆ ಮುಗಿಯುವ ಹೊತ್ತಿಗೆ ಅಕ್ಕ ನನ್ನನ್ನೂ ಎಳೆದುಕೊಂಡು ಮೇಡಂ ಕೋಣೆಗೆ ಹೋದಳು.

“ಮೇಡಂ, ರಜೆಗೆ ಅತಿಥಿಗಳು ಬೇಕು.”

ಮೇಡಂ ಕನ್ನಡಕ ತೆಗೆದರು. “ಯಾಕೆ, ಬೇಜಾರಾಗುತ್ತಾ?”

“ನನಗಲ್ಲ ಮೇಡಂ. ತೊಟ್ಟಿಗೆ ಹಸಿವಾಗುತ್ತೆ.”

“ಸಕ್ಕರೆ ನೀರು ಹುಯ್ದರೆ ಬದುಕ್ತವಂತಲ್ಲ? ನಿನಗಿಂತ ಮುಂಚೆ ಇದ್ದವನು ಹೇಳ್ತಿದ್ದ.”

“ಬದುಕ್ತವೆ. ಆದ್ರೆ ಮಿಠಾಯಿ ತಿಂದು ಬೆಳೆದ ಮಕ್ಕಳಾಗ್ತವೆ. ನಿಜವಾದ ಊಟ ಬಂದ ದಿನ ತಟ್ಟೆ ತಳ್ಳಿ ಎದ್ದು ಹೋಗ್ತವೆ. ಜನ ಬೇಕು ಮೇಡಂ.”

“ಅಂದ್ರೆ, ಜನ ಇಲ್ಲಿಗೆ ಬಂದು…” ಮೇಡಂ ಮಾತು ಮೂಗಿನಲ್ಲೇ ನಿಂತಿತು.

“ಹೌದು. ಉಂಡು, ತಿಂದು, ಸ್ನಾನ ಮಾಡಿ, ಎಲ್ಲಾ.”

“ಇದನ್ನ ಕರೆಯೋಲೆಯಲ್ಲಿ ಹೇಗಮ್ಮಾ ಬರೀಲಿ?”

“ನಿಮ್ಮ ಪಾದಧೂಳಿ ಬೇಡ, ಉಳಿದದ್ದು ಸಾಕು ಅಂತ ಬರೀರಿ ಮೇಡಂ” ಎಂದೆ ನಾನು. ಅಕ್ಕ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಮೇಡಂ ನಗಲಿಲ್ಲ. ಆದರೆ ಕನ್ನಡಕ ಹಾಕಿಕೊಳ್ಳಲು ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡರು.

ಅತಿಥಿಗಳು ಸಿಕ್ಕರು. ಎರಡು ಬೀದಿ ಆಚೆಯ ಆಸ್ಪತ್ರೆಗೆ ತರಬೇತಿಗೆಂದು ಬಂದ ದಾದಿಯರ ಒಂದು ದೊಡ್ಡ ತಂಡ, ಅವರ ಮೇಲ್ವಿಚಾರಕಿಯ ಜೊತೆಗೆ. ಮೇಲ್ವಿಚಾರಕಿಯನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಿದ್ದರು. ದಪ್ಪ ಹುಬ್ಬು, ಮಡಿಸಿದ ತೋಳು, ಮೆಟ್ಟಿಲು ಹತ್ತುವಾಗಲೂ ನಾಡಿ ಎಣಿಸುವವರಂತೆ ನಡಿಗೆ. ರಜೆಗೆ ಊರಿಗೆ ಹೋಗದೆ ಉಳಿದ ನನಗೆ ಒಂದೇ ಸೂರಿನಡಿ ಇಬ್ಬರು ಸಿಸ್ಟರುಗಳು: ಒಬ್ಬಳು ಹುಟ್ಟಿನಿಂದ, ಇನ್ನೊಬ್ಬರು ಹುದ್ದೆಯಿಂದ.

ಅಕ್ಕ ಆ ದಿನಗಳಲ್ಲಿ ಮಾಡಿದ ಉಪಚಾರವನ್ನು ನೀವು ನೋಡಬೇಕಿತ್ತು. ಊಟದ ಕೋಣೆಯಲ್ಲಿ ಬಾಗಿಲ ಪಕ್ಕ ನಿಂತು, “ಇನ್ನೊಂದ್ ಸ್ವಲ್ಪ ಹಾಕ್ಕೊಳ್ಳಿ, ನಾಚ್ಕೋಬೇಡಿ. ದುಡಿದು ಬಂದಿದ್ದೀರಿ, ಹೊಟ್ಟೆ ತುಂಬಾ ತಿನ್ನಿ” ಎಂದು ಬಡಿಸಿದ್ದೇ ಬಡಿಸಿದ್ದು. ಯಾರಾದರೂ ಅನ್ನ ಬಿಟ್ಟು ಎದ್ದರೆ ಅವಳ ಮುಖ ಸಪ್ಪೆ.

“ಎಂಥಾ ಮನಸ್ಸಮ್ಮಾ ಈ ಹುಡುಗೀದು!” ಎಂದರು ಸಿಸ್ಟರ್ ನನ್ನ ಕಿವಿಯಲ್ಲಿ. “ಒಡಹುಟ್ಟಿದವರಿಗೂ ಯಾರೂ ಹೀಗೆ ಬಡಿಸಲ್ಲ.”

“ನಿಜ ಸಿಸ್ಟರ್. ಬಡಿಸಲ್ಲ.”

ದಿನವೂ ಬೆಳಗ್ಗೆ ಅವಳು ಗಾಜಿನ ಜಾಡಿಯೊಂದರಲ್ಲಿ ತೊಟ್ಟಿಯ ನೀರು ಹಿಡಿದು ನೆಲಮಾಳಿಗೆಯ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದಳು. ಕೆಸರು ನಿಧಾನಕ್ಕೆ ಕೆಳಗಿಳಿದು, ಮೇಲೆ ತಿಳಿನೀರು ನಿಂತರೆ ಸಂಸಾರ ಸುಖವಾಗಿದೆ ಎಂದು ಅರ್ಥ. ಮೂಗಿಟ್ಟರೆ ಆಗತಾನೇ ಅಗೆದ ಮಣ್ಣಿನ ವಾಸನೆ. ಕಾಲೇಜಿನಿಂದ ಕೊಂಡು ತಂದ ಹಳೆಯ ಮೈಕ್ರೋಸ್ಕೋಪೂ ಅಲ್ಲೇ ಇತ್ತು. ಒಂದು ಹನಿ ಇಟ್ಟು ನನಗೆ ತೋರಿಸುತ್ತಿದ್ದಳು: ಸಣ್ಣ ದಂಟಿನ ತುದಿಯಲ್ಲಿ ಗಂಟೆಯಂಥ ಮೈ, ಬಾಯ ಸುತ್ತ ರೋಮದ ಸುಳಿ. ಮೇಜು ತಟ್ಟಿದರೆ ದಂಟು ಸ್ಪ್ರಿಂಗಿನ ಹಾಗೆ ಸುರುಟಿಕೊಂಡು, ಮತ್ತೆ ಮೆಲ್ಲಗೆ ಬಿಡಿಸಿಕೊಳ್ಳುತ್ತಿತ್ತು.

“ನಾಚ್ಕೊಂಡ್ವು ನೋಡು” ಎನ್ನುತ್ತಿದ್ದಳು ಅಕ್ಕ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತು ಎಷ್ಟು ಚಿಕ್ಕ ಪ್ರಾಣಿಯವರೆಗೂ ಇಳಿಯುತ್ತದೆ ಎಂದು ಆಗ ಗೊತ್ತಾಯಿತು.

ರಜೆ ಮುಗಿಯಲು ಒಂದು ವಾರವಷ್ಟೇ ಉಳಿದಿದ್ದಾಗ, ಒಂದು ಬೆಳಗ್ಗೆ ನೆಲಮಾಳಿಗೆಯ ಮೆಟ್ಟಿಲಿಳಿಯುತ್ತಿದ್ದ ಅಕ್ಕ ಅರ್ಧದಲ್ಲೇ ನಿಂತು, ಹಿಂದಿದ್ದ ನನ್ನ ಕಡೆ ತಿರುಗಿದಳು.

“ಕೋತಿ, ಇಲ್ಲಿ ಆಸ್ಪತ್ರೆ ವಾಸನೆ ಬರ್ತಿದೆ.”

ತೊಟ್ಟಿಯ ಮೇಲೆ ಬಿಳಿ ನೊರೆ ಹಾಸಿತ್ತು. ಜಾಡಿಯಲ್ಲಿ ಹಿಡಿದರೆ ಕೆಸರು ಇಳಿಯಲೇ ಇಲ್ಲ. ಪಾತ್ರೆ ತೊಳೆದ ನೀರಿನ ಹಾಗೆ ಬೂದುಗಟ್ಟಿ ನಿಂತಿತು. ಅಕ್ಕ ಮೆಟ್ಟಿಲು ಹತ್ತಿ ಓಡಿದಳು. ನಾನು ಹಿಂದೆ.

ಮೊದಲ ಮಹಡಿಯ ಕಾರಿಡಾರಿನಲ್ಲಿ ಸಿಸ್ಟರ್ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ನಿಂತಿದ್ದರು. ಸುತ್ತ ಬಕೆಟ್ಟುಗಳು, ಪೊರಕೆಗಳು, ಆಸ್ಪತ್ರೆಯಿಂದ ತರಿಸಿದ ಕ್ರಿಮಿನಾಶಕದ ಕ್ಯಾನುಗಳು, ಎಲ್ಲವೂ ಖಾಲಿ. ಉಂಡ ಮನೆಯನ್ನು ಬಂದಾಗ ಇದ್ದದ್ದಕ್ಕಿಂತ ಚೊಕ್ಕಟ ಮಾಡಿಟ್ಟು ಹೋಗಬೇಕು ಎಂಬುದು ಅವರ ಶಿಸ್ತು. ಇಷ್ಟು ಬಡಿಸಿದ ಹುಡುಗಿಗೆ ಏನಾದರೂ ಮಾಡಬೇಕಲ್ಲ ಎಂದು ಇಡೀ ತಂಡ ಬೆಳಗಾಗುತ್ತಲೇ ಎದ್ದು, ತಾವಿದ್ದ ಮಹಡಿಯ ಜೊತೆಗೆ ಯಾರೂ ಇಲ್ಲದ ಮಹಡಿಗಳ ಬಚ್ಚಲು, ಪಾಯಿಖಾನೆಗಳಿಗೂ ಅದನ್ನೇ ಸುರಿದು ಉಜ್ಜಿಬಿಟ್ಟಿತ್ತು.

“ಬಾಮ್ಮಾ, ನೋಡು!” ಸಿಸ್ಟರ್ ಮುಖ ಹೊಳೆಯುತ್ತಿತ್ತು, ನೆಲದಷ್ಟೇ. “ಒಂದು ಕ್ರಿಮಿ ಉಳಿದಿದ್ರೆ ಹೇಳು!”

ನಾನಾಗಿದ್ದರೆ ಅಳುತ್ತಿದ್ದೆ, ಇಲ್ಲವೇ ಕೂಗುತ್ತಿದ್ದೆ. ಅಕ್ಕ ಉಸಿರು ಹಿಡಿದು, ಆ ನೆಲವನ್ನು ಒಮ್ಮೆ ಪೂರ್ತಿ ನೋಡಿದಳು. “ತುಂಬಾ ಚೆನ್ನಾಗಿದೆ ಸಿಸ್ಟರ್. ಸ್ವಲ್ಪ ಕೆಳಗೆ ಬರ್ತೀರಾ? ಅಲ್ಲಿ ಹುಷಾರಿಲ್ಲ.”

ಸಿಸ್ಟರ್ ತಕ್ಷಣ ಕೈ ತೊಳೆದುಕೊಂಡು, ಕೋಣೆಯಿಂದ ಚೀಲ ಎತ್ತಿಕೊಂಡು ಇಳಿದರು. “ಎಲ್ಲಿ ಪೇಷೆಂಟು?”

ಅಕ್ಕ ತೊಟ್ಟಿ ತೋರಿಸಿದಳು.

ಸಿಸ್ಟರ್ ತೊಟ್ಟಿ ನೋಡಿದರು, ನೊರೆ ನೋಡಿದರು, ಅಕ್ಕನ ಮುಖ ನೋಡಿದರು. ಅಕ್ಕ ಒಂದು ಹನಿ ಇಟ್ಟು ಮೈಕ್ರೋಸ್ಕೋಪನ್ನು ಅವರ ಕಡೆ ತಿರುಗಿಸಿ, ಈ ಸಂಸಾರ ಏನು ತಿನ್ನುತ್ತದೆ, ಏನು ಕೊಡುತ್ತದೆ ಎಂದು ನಾಲ್ಕು ಮಾತಿನಲ್ಲಿ ಹೇಳಿದಳು. ಸಿಸ್ಟರ್ ಬಗ್ಗಿ ಕಣ್ಣಿಟ್ಟವರು ಬಹಳ ಹೊತ್ತು ಎತ್ತಲಿಲ್ಲ. ಅಕ್ಕ ಹೇಳಿದಂತೆ ಮೇಜು ತಟ್ಟಿದರು. ಯಾವ ದಂಟೂ ಸುರುಟಿಕೊಳ್ಳಲಿಲ್ಲ.

“ಅಯ್ಯೋ ದೇವರೇ” ಎಂದರು ಮೆಲ್ಲಗೆ. “ಇಪ್ಪತ್ತೈದು ವರ್ಷದ ಸರ್ವೀಸಿನಲ್ಲಿ ನಾನು ಕ್ರಿಮಿಗೋಸ್ಕರ ಅತ್ತಿದ್ದು ಇವತ್ತೇ.” ಸೆರಗಿಗೆ ಮೂಗೊರೆಸಿಕೊಂಡು ಮತ್ತೆ ಬಗ್ಗಿದರು. ಹನಿಯಿದ್ದ ಗಾಜಿನ ಪಟ್ಟಿಯನ್ನು ಅತ್ತಿತ್ತ ಸರಿಸಿದರು. ಒಮ್ಮೆಲೇ ಅವರ ದನಿ ಬದಲಾಯಿತು. “ತಡಿ. ಮೂಲೇಲಿ ಒಂದು ಅಲ್ಲಾಡ್ತಿದೆ. ಉಸಿರಿದೆ ಕಣಮ್ಮಾ! ಈಗೇನು ಕೊಡಬೇಕು? ಬೇಗ ಹೇಳು.”

“ಅರ್ಧ ತೊಟ್ಟಿ ವಿಷದ ನೀರು ತೆಗೀಬೇಕು. ಊರಾಚೆ ಆ ದೊಡ್ಡ ವಸತಿ ಸಮುಚ್ಚಯದಲ್ಲಿ ಇಂಥದ್ದೇ ತೊಟ್ಟಿ ಇದೆ. ಅಲ್ಲಿಂದ ಜೀವಂತ ಕೆಸರು ತಂದು ಸೇರಿಸ್ಬೇಕು.”

“ರಕ್ತ ಕೊಡೋ ಹಾಗೆ.”

“ಹಾಗೇ. ಗುಂಪು ಹೊಂದಿಸೋ ತಾಪತ್ರಯ ಮಾತ್ರ ಇಲ್ಲ.”

ಮಧ್ಯಾಹ್ನದೊಳಗೆ ಟ್ಯಾಂಕರ್ ಗೇಟಿನ ಮುಂದೆ ಬಂದು ನಿಂತಿತು. ಅದರ ಡ್ರೈವರಣ್ಣ ಊರಿನ ಗುಂಡಿಗಳನ್ನೆಲ್ಲ ಬಳಿದು ಸಾಗಿಸುವವನು. ಅಕ್ಕ ರಸ್ತೆಗೇ ಬಂದು ನಿಂತದ್ದು ನೋಡಿ ಅವನಿಗೆ ಆಶ್ಚರ್ಯ. “ತುಂಬಿರೋ ಗಾಡಿಗೆ ಇಷ್ಟು ಮರ್ಯಾದೆ ಇದೇ ಮೊದಲು ಮೇಡಂ. ಎಲ್ಲಾ ಕಡೆ ಬೇಗ ಹೋಗಪ್ಪಾ ಅಂತಾರೆ. ನೀವು ಬಾ ಅಂತೀರಿ.”

ಆದರೆ ಗೇಟು ತೆರೆಯಲಿಲ್ಲ. ನಮ್ಮ ಗೇಟ್ ಮಾವ ಕೋಲನ್ನು ಅಡ್ಡ ಹಿಡಿದು ನಿಂತಿದ್ದ.

“ಇದರಲ್ಲಿ ಏನಿದೆ?”

“ಕೆಸರು ಮಾವ. ತೊಟ್ಟಿಗೆ.”

“ಎಲ್ಲಿಯ ಕೆಸರು?”

“ಬೇರೆಯವರದು.”

“ಬೇರೆಯವರದಾ!” ಗೇಟ್ ಮಾವ ಮೂಗಿನ ಮೇಲೆ ಬೆರಳಿಟ್ಟ, ಅರ್ಧ ಆಶ್ಚರ್ಯಕ್ಕೆ, ಅರ್ಧ ವಾಸನೆಗೆ. “ನಮ್ಮದೇ ಸಾಲದೂಂತ ಊರವರದ್ದು ತರಿಸ್ತೀಯಾ? ಈ ಗೇಟಲ್ಲಿ ಅಂಥ ಗಾಡಿ ಖಾಲಿ ಒಳಗೆ ಹೋಗಿ ತುಂಬಿ ಹೊರಗೆ ಬರಬೇಕು. ತುಂಬಿ ಒಳಗೆ ಹೋಗಿ ಖಾಲಿ ಬರೋದು ಎಲ್ಲಾದ್ರೂ ಉಂಟಾ? ಮೇಡಂ ಫೋನ್ ಮಾಡಿ ಹೇಳ್ಲಿ, ಬಿಡ್ತೀನಿ.”

ಮೇಡಂ ಆ ಹೊತ್ತಿಗೆ ಊರಿನ ಇನ್ನೊಂದು ತುದಿಯಲ್ಲಿ, ಯಾವುದೋ ಸಭೆಯಲ್ಲಿದ್ದರು. ಟ್ಯಾಂಕರಿನೊಳಗಿನ ಜೀವಿಗಳಿಗೆ ಗಾಳಿಯಿಲ್ಲ. ಬಿಸಿಲಲ್ಲಿ ಹೆಚ್ಚು ಹೊತ್ತು ನಿಂತರೆ ಅವೂ ಉಳಿಯುವುದಿಲ್ಲ ಎಂದು ಅಕ್ಕ ಮೊದಲೇ ಹೇಳಿದ್ದಳು. ನಾನು ತಡಮಾಡಲಿಲ್ಲ. ಗೋಡೆಯ ಮರೆಗೆ ಹೋಗಿ, ಗೇಟಿನ ಕೋಣೆಯ ಫೋನಿಗೆ ನಂಬರು ಒತ್ತಲು ಶುರು ಮಾಡಿ, ಗಂಟಲೊಳಗೆ ಕುರ್ಚಿ ಎಳೆದೆ.

ಅಕ್ಕ ನನ್ನ ಕೈಯಿಂದ ಫೋನು ಕಿತ್ತುಕೊಂಡಳು. “ಏನ್ಮಾಡ್ತಿದ್ದೀಯಾ?”

“ಮೇಡಂ ಆಗ್ತಿದ್ದೀನಿ. ಒಂದೇ ನಿಮಿಷ.”

“ಬೇಡ.”

“ಅಕ್ಕಾ, ಹುಚ್ಚು ಹಿಡಿದಿದ್ಯಾ? ನಿಜ ಹೇಳಿದ್ರೆ ಇವತ್ತೇ ಬೀಗ ಹಾಕ್ತಾರೆ. ನಿನಗೂ ನಮಸ್ಕಾರ ಅಂದಿದ್ದಾರೆ. ಗಾಡಿ ಒಳಗೆ ಹೋಗ್ಲಿ, ಯಾರಿಗೂ ಗೊತ್ತಾಗಲ್ಲ.”

“ಲೇ, ಇದನ್ನ ಸಾಕೋದು ಒಂದು ದಿನದ ಕೆಲಸ ಅಲ್ಲ. ನಾಳೆ ಇನ್ನೊಂದು ಗಾಡಿ ಬೇಕಾಗುತ್ತೆ. ಮುಂದಿನ ರಜೆಗೆ ಮತ್ತೇನೋ ಬೇಕಾಗುತ್ತೆ. ಪ್ರತಿ ಸಲವೂ ನಿನ್ನ ಗಂಟಲಲ್ಲಿ ಸಂಸಾರ ಮಾಡೋಕಾಗುತ್ತಾ?”

ಅದೇ ಫೋನಿನಲ್ಲಿ ಅವಳು ನಿಜವಾದ ಮೇಡಮ್ಮಿಗೆ ಕರೆ ಮಾಡಿದಳು. ಕ್ರಿಮಿನಾಶಕ ತೊಟ್ಟಿಗೆ ಇಳಿದದ್ದು, ಬಹುಪಾಲು ಸತ್ತದ್ದು, ಟ್ಯಾಂಕರ್ ಬಂದದ್ದು, ಒಂದನ್ನೂ ಬಿಡದೆ ಹೇಳಿದಳು. “ಬಂದವರಿಗೆ ಏನು ಸುರೀಬಾರದು ಅಂತ ನಾನು ಹೇಳಿರಲಿಲ್ಲ ಮೇಡಂ. ತಪ್ಪು ನಂದೇ.”

“ಸುರಿದೋಳು ನಾನು!” ಎಂದು ಹಿಂದಿನಿಂದ ಸಿಸ್ಟರ್ ಫೋನಿನೊಳಗೆ ಕೂಗಿದರು. “ಆ ಮಗು ಮೇಲೆ ಹಾಕ್ಬೇಡಿ! ಬಡಿಸಿದ ಕೈ ಅದು!”

ಅಕ್ಕ ಕಣ್ಣು ಮುಚ್ಚಿದಳು. ಅವಳು ಬಿಟ್ಟು ಬಂದ ಬಿಳಿ ಕೋಟು, ಅಮ್ಮನ ಹವಾಮಾನ, ಎಲ್ಲ ಆ ಮುಚ್ಚಿದ ರೆಪ್ಪೆಯ ಹಿಂದೆ ಸಾಲುಗಟ್ಟಿದ್ದು ನನಗೆ ಕಂಡ ಹಾಗಾಯಿತು.

ಆಮೇಲೆ ಫೋನಿನಲ್ಲಿ ಕುರ್ಚಿ ಎಳೆದ ಸದ್ದು. ಅಸಲಿ. “ಗೇಟಿನವನಿಗೆ ಕೊಡು.”

ಗೇಟ್ ಮಾವ ಫೋನನ್ನು ಎರಡು ಕೈಯಲ್ಲಿ ಹಿಡಿದು, ಮೇಡಂ ಎದುರಿಗೇ ಇದ್ದಾರೇನೋ ಎಂಬಂತೆ ನೆಟ್ಟಗೆ ನಿಂತ. “ಆಯ್ತು ಮೇಡಂ. ತುಂಬಿದ್ದೇ ಮೇಡಂ. ಬೇರೆಯವರದೇ ಮೇಡಂ.” ಗೇಟು ತೆರೆಯಿತು.

ಆ ಮಧ್ಯಾಹ್ನ ನಮ್ಮ ನೆಲಮಾಳಿಗೆ ನಿಜಕ್ಕೂ ಆಸ್ಪತ್ರೆಯಾಯಿತು. ಡ್ರೈವರಣ್ಣ ಬೂದು ನೀರನ್ನು ತಾನು ಕರೆಸಿದ ಇನ್ನೊಂದು ಖಾಲಿ ಗಾಡಿಗೆ ಎಳೆದುಕೊಂಡ ಮೇಲೆ ಹೊಸ ಕೆಸರನ್ನು ಬಿಟ್ಟ. ಹದವಾಗಿ ಹುರಿದ ಕಾಫಿಯ ಬಣ್ಣ. ಬ್ಲೋವರ್ ಗುರುಗುಟ್ಟಿತು, ಗುಳ್ಳೆಗಳೆದ್ದವು. ದಾದಿಯರು ಪಾಳಿ ಹಾಕಿಕೊಂಡರು. ಅಡುಗೆಮನೆಯಿಂದ ಅನ್ನ ಬಸಿದ ನೀರು ತಂದು, “ಒಮ್ಮೆಗೇ ಬೇಡ, ಜೀರ್ಣ ಆಗಲ್ಲ” ಎಂದು ಸಿಸ್ಟರ್ ಸೌಟಿನಲ್ಲಿ ಹುಯ್ಯಿಸಿದರು. ಹುಟ್ಟಿದಾಗಿನಿಂದ ಕ್ರಿಮಿ ಕೊಲ್ಲುವುದನ್ನೇ ಕಲಿತ ಕೈಗಳು ಕ್ರಿಮಿಗೆ ತುತ್ತು ಕೊಡುವುದನ್ನು ನೋಡುತ್ತ ಅಕ್ಕ ಆ ದಿನ ಮೊದಲ ಸಲ ನಕ್ಕಳು.

ಸಂಜೆಗೆ ಮೇಡಂ ಬಂದರು. ಸೀರೆಯ ಅಂಚು ಎತ್ತಿ ಹಿಡಿದು ಮೆಟ್ಟಿಲಿಳಿದು, ತೊಟ್ಟಿಯೊಳಗೆ ಬಗ್ಗಿ ನೋಡಿದರು.

“ಹುಡುಗಿಯರು ಬರೋ ದಿನ ಮುಂದಕ್ಕೆ ಹಾಕೋಕಾಗಲ್ಲ. ಅಷ್ಟರೊಳಗೆ ಸರಿಯಾಗುತ್ತಾ?”

“ಗೊತ್ತಿಲ್ಲ ಮೇಡಂ.”

“ಸರಿಯಾಗುತ್ತೆ ಅನ್ನೋಕೆ ಬಾಯಿ ಬರಲ್ವಾ ನಿನಗೆ?”

“ಬಾಯಿ ಬರುತ್ತೆ. ಇವು ಕೇಳ್ಬೇಕಲ್ಲ.”

ಮೇಡಂ ಮೆಟ್ಟಿಲು ಹತ್ತಿ ಹೋದರು. ಆ ವಾರವಿಡೀ ಅಕ್ಕ ಜಾಡಿ ಹಿಡಿದದ್ದೇ ಹಿಡಿದದ್ದು. ಕೆಸರು ಒಂದು ದಿನ ಸ್ವಲ್ಪ ಇಳಿಯಿತು, ಮರುದಿನ ಮತ್ತೆ ತೇಲಿತು. ಗಾಳಿ ಹೆಚ್ಚಿಸಿದಳು, ತಗ್ಗಿಸಿದಳು. ಊಟದ ಹೊತ್ತಿಗೆ ಅವಳ ತಟ್ಟೆಯಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು. ಅದನ್ನು ನಾನೇ ತಿಂದೆ, ತೊಟ್ಟಿಯ ಹಿತದೃಷ್ಟಿಯಿಂದ.

ಹಾಸ್ಟೆಲ್ ತೆರೆಯಿತು. ಟ್ರಂಕುಗಳ ಸದ್ದು, ಅಪ್ಪುಗೆಗಳ ಕಿರುಚಾಟ, ಎಲ್ಲ ಮಹಡಿಗಳಲ್ಲೂ ಒಂದೇ ಹೊತ್ತಿಗೆ ನಲ್ಲಿ ತಿರುಗಿದ ಸದ್ದು. ಕೆಳಗೆ ನೀರು ಧೋ ಎಂದು ತೊಟ್ಟಿಗೆ ಬಿತ್ತು. ಸಿಸ್ಟರ್ ಮತ್ತವರ ತಂಡ ಚೀಲ ಕಟ್ಟಿಕೊಂಡಿದ್ದರೂ ಹೊರಡದೆ ಎರಡನೇ ಮಹಡಿಯ ಕಾರಿಡಾರಿನಲ್ಲಿ ಸಾಲಾಗಿ ನಿಂತಿದ್ದರು. ಅಕ್ಕ ಗೋಡೆಗೆ ಒರಗಿದ್ದಳು. ಮಧ್ಯಾಹ್ನದ ಹೊತ್ತಿಗೆ ವಾರ್ಡನ್ ಮೇಡಂ ಬಂದು, ಯಾರನ್ನೂ ಮಾತಾಡಿಸದೆ ಮೊದಲ ಪಾಯಿಖಾನೆ ಹೊಕ್ಕು ಬಾಗಿಲು ಹಾಕಿಕೊಂಡರು.

ಇಷ್ಟೊಂದು ಜನ ಒಬ್ಬರ ಫ್ಲಶ್ಶಿಗಾಗಿ ಉಸಿರು ಬಿಗಿಹಿಡಿದು ಕಾದದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಫ್ಲಶ್ಶಾಯಿತು. ಮೇಡಂ ಹೊರಗೆ ಬಂದು ಪಕ್ಕದ್ದನ್ನು ಹೊಕ್ಕರು. ಮತ್ತೆ ಫ್ಲಶ್ಶು. ಮೂರನೆಯದು. ಹೀಗೆ ಸಾಲಿನ ಕೊನೆಯವರೆಗೂ ಹೋದರು, ಒಂದನ್ನೂ ಬಿಡಲಿಲ್ಲ. ಕೊನೆಯ ಬಾಗಿಲು ತೆರೆದಾಗ ನಾನು ಅವರ ಮೂಗನ್ನೇ ನೋಡುತ್ತಿದ್ದೆ. ಮುರಿಯಲು ಸಿದ್ಧವಾಗಿ ಬಂದ ಮೂಗು. ಮುರಿಯಲು ಏನೂ ಸಿಗದೆ ನೆಟ್ಟಗೇ ಇತ್ತು.

“ನೀರಿಗೆ ಸ್ವಲ್ಪ ಬಣ್ಣ ಇದೆ” ಎಂದರು.

“ಇದೆ ಮೇಡಂ” ಎಂದಳು ಅಕ್ಕ. “ಇನ್ನೂ ಪೂರ್ತಿ ಚೇತರಿಸ್ಕೊಂಡಿಲ್ಲ. ಕೆಲವು ದಿನ ಹಾಗೇ ಇರುತ್ತೆ. ಸುಳ್ಳು ಹೇಳಲ್ಲ.”

“ಬಣ್ಣದ ವಿಷಯ ನಾನು ಮಾತಾಡಿದ್ನಾ? ವಾಸನೆ ಅಂದಿದ್ದೆ.” ಮೇಡಂ ಕನ್ನಡಕ ತೆಗೆದರು. “ಮುಂದಿನ ರಜೆಗೆ ಯಾರನ್ನ ಕರೆಸೋಣ?”

ಅಕ್ಕನಿಗೆ ಒಮ್ಮೆಗೇ ಅರ್ಥವಾಗಲಿಲ್ಲ. ಸಿಸ್ಟರ್ ಅವಳ ಬೆನ್ನಿಗೆ ಒಂದು ಗುದ್ದು ಕೊಟ್ಟ ಮೇಲೆ ಅರ್ಥವಾಯಿತು.

“ಚೆನ್ನಾಗಿ ತಿನ್ನೋರು ಬೇಕು ಮೇಡಂ” ಎಂದಳು, ಕಣ್ಣೊರೆಸಿಕೊಳ್ಳುತ್ತ. “ಆದ್ರೆ ಬಚ್ಚಲು ತೊಳೆಯೋಕೆ ಮೈಗಳ್ಳತನ ಮಾಡೋರು.”

ಮೇಡಂ ತಿರುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಇಲ್ಲೇ ಒಬ್ಬಳಿದ್ದಾಳಲ್ಲ.”

“ಇವಳೊಬ್ಬಳಿಂದ ಅಷ್ಟು ದೊಡ್ಡ ಸಂಸಾರದ ಹೊಟ್ಟೆ ತುಂಬಲ್ಲ ಮೇಡಂ” ಎಂದು ಅಕ್ಕ ಹೇಳಿ, ನಾವೆಲ್ಲ ನಗುತ್ತಿರುವಾಗಲೇ ಜಾಡಿ ಎತ್ತಿಕೊಂಡು ನೆಲಮಾಳಿಗೆಯ ಮೆಟ್ಟಿಲಿನ ಕಡೆ ಹೊರಟಳು. ಮಧ್ಯಾಹ್ನದ ಊಟ ಮುಗಿದಿತ್ತು. ಅವಳ ಮಕ್ಕಳಿಗೆ ಇನ್ನು ಬಡಿಸುವ ಹೊತ್ತು.